ಸೋತವರ ಲೆಕ್ಕ ಇಟ್ಟ ಹಾಡು

1857ರ ಚಳಿಗಾಲದಲ್ಲಿ ಹಲಗಲಿ ಸುಟ್ಟುಹೋದ ಮೇಲೆ ಆ ಘಟನೆಗೆ ಎರಡು ದಾಖಲೆಗಳು ಉಳಿದವು. ಒಂದು, ಕಂಪನಿ ಸರಕಾರದ ಕಾಗದಪತ್ರ. ದಂಡು ಹೊರಟ ದಿನ, ಸೆರೆಸಿಕ್ಕವರ ಸಂಖ್ಯೆ, ಗಲ್ಲಿಗೇರಿಸಿದವರ ಸಂಖ್ಯೆ ಅದರಲ್ಲಿವೆ. ಇನ್ನೊಂದು, ಲಾವಣಿ. ಲೂಟಿಯಾದ ಬೀಸುಕಲ್ಲು ಅದರಲ್ಲಿದೆ. ಸರಕಾರದ ಆ ಕಾಗದವನ್ನು ಇವತ್ತು ತೆಗೆದು ನೋಡುವವರು ಇತಿಹಾಸದ ಅಭ್ಯಾಸಿಗಳು ಮಾತ್ರ. ಲಾವಣಿಯೋ ಹತ್ತನೆಯ ತರಗತಿಯ ಕನ್ನಡ ಪಠ್ಯಕ್ಕೆ ಬಂದು, ನಾಡಿನ ಎಷ್ಟೋ ಮನೆಗಳಲ್ಲಿ ಮಕ್ಕಳ ಬಾಯಿಂದ ಕೇಳಿಸಿದೆ.

ರಾಜಕೀಯ ಹಾಡು ಎಂದರೆ ನಮಗೆ ಸಾಮಾನ್ಯವಾಗಿ ಘೋಷಣೆ ನೆನಪಾಗುತ್ತದೆ. ಎತ್ತಿದ ಮುಷ್ಟಿ, ಏರಿದ ದನಿ, ಏಳಿ ಎದ್ದೇಳಿ ಎಂಬ ಕರೆ. ಅಂಥ ಹಾಡುಗಳಿಗೂ ಅವುಗಳ ಕಾಲದಲ್ಲಿ ಕೆಲಸವಿದೆ. ಆದರೆ ಕರೆ ಕೊಟ್ಟ ಹೊತ್ತು ಮುಗಿದ ಮೇಲೆ ಅವುಗಳಲ್ಲಿ ಹೆಚ್ಚಿನವು ಆರಿಹೋಗುತ್ತವೆ. ಹಲಗಲಿಯ ಹಾಡು ಆರಲಿಲ್ಲ. ಅದು ಯಾರಿಗೂ ಕರೆ ಕೊಡುವುದಿಲ್ಲ. ಗೆಲುವಿನ ಭರವಸೆಯನ್ನೂ ಹೇಳುವುದಿಲ್ಲ. ನಡೆದದ್ದನ್ನು, ಹೋದದ್ದನ್ನು, ಕಳೆದುಕೊಂಡವರ ಅಂಗಳದಲ್ಲಿ ನಿಂತು ಎಣಿಸುತ್ತದೆ. ನನ್ನ ಮಾತು ಇಷ್ಟೇ: ಸೋತವರ ಲೆಕ್ಕವನ್ನು ಸೋತವರ ಪರವಾಗಿ ಇಡುವ ಹಾಡೇ ನಿಜವಾದ ರಾಜಕೀಯ ಹಾಡು. ಆ ಲೆಕ್ಕ ಇಡುವ ರೀತಿಯನ್ನು ಮುಂದಿನವರು ಎಷ್ಟರ ಮಟ್ಟಿಗೆ ಕಲಿತರು ಎಂಬುದೇ ಅದರ ಪ್ರಭಾವದ ಅಳತೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ನಾವು ಈ ಮಾತನ್ನು ಇವತ್ತು ಯೋಚಿಸಲೇಬೇಕು. ಅಂಥ ಹಾಡು ಹುಟ್ಟಿದ ಮಣ್ಣು ನಮ್ಮದು, ಎಣಿಸಬೇಕಾದ ನಷ್ಟಗಳೂ ನಮ್ಮಲ್ಲಿ ಕಡಿಮೆ ಇಲ್ಲ.

ಹಲಗಲಿ ಇಂದು ಮುಧೋಳ ತಾಲೂಕಿನ ಊರು. ಆಗ ಅದು ಘೋರ್ಪಡೆ ಮನೆತನದ ಮುಧೋಳ ಸಂಸ್ಥಾನಕ್ಕೆ ಸೇರಿತ್ತು. ಉತ್ತರದಲ್ಲಿ ಸಿಪಾಯಿಗಳು ಬಂಡೆದ್ದ ವರ್ಷವೇ ಕಂಪನಿ ಸರಕಾರ ಜನರ ಆಯುಧಗಳನ್ನು ಕಸಿದುಕೊಳ್ಳುವ ಕಾಯಿದೆ ತಂದಿತು. ಆಯುಧ ಇಟ್ಟುಕೊಳ್ಳುವವರು ಸರಕಾರದ ಅಪ್ಪಣೆ ಪಡೆಯಬೇಕು, ಇಲ್ಲವೇ ತಂದೊಪ್ಪಿಸಬೇಕು. ಹಲಗಲಿಯ ಬೇಡರ ಬದುಕೇ ಬೇಟೆ ಮತ್ತು ಕಾವಲಿನ ಮೇಲೆ ನಿಂತಿತ್ತು. ಕತ್ತಿ, ಬಂದೂಕು ಕೊಟ್ಟರೆ ಅನ್ನವೂ ಹೋಗುತ್ತದೆ, ಮಾನವೂ ಹೋಗುತ್ತದೆ. ಅವರು ಕೊಡಲಿಲ್ಲ. ಸುತ್ತಲಿನ ಊರುಗಳಿಂದಲೂ ಜನ ಬಂದು ಅವರ ಜೊತೆ ಸೇರಿದರು. ನವೆಂಬರ್ ಕೊನೆಗೆ ಕಲಾದಗಿಯಿಂದ ದಂಡು ಬಂತು. ಊರಿಗೆ ಬೆಂಕಿ ಬಿತ್ತು, ಬಹಳ ಜನ ಸತ್ತರು, ನೂರಾರು ಜನ ಸೆರೆಯಾದರು. ಡಿಸೆಂಬರ್‌ನಲ್ಲಿ ಮುಧೋಳ ಮತ್ತು ಹಲಗಲಿಯಲ್ಲಿ 19 ಮಂದಿಯನ್ನು ಎಲ್ಲರ ಕಣ್ಣೆದುರಿಗೆ ಗಲ್ಲಿಗೇರಿಸಿದರು. ಎಲ್ಲರೂ ನೋಡಲಿ, ನೋಡಿ ಹೆದರಲಿ ಎಂಬುದೇ ಆ ಶಿಕ್ಷೆಯ ಉದ್ದೇಶವಾಗಿತ್ತು.

ನೋಡಿದವರು ಹೆದರಿರಬಹುದು. ಆದರೆ ಅವರು ಸುಮ್ಮನಿರಲಿಲ್ಲ, ಹಾಡಿದರು. ಆ ಲಾವಣಿಯಲ್ಲಿ ಕುರ್ತಕೋಟಿಯ ಕಲ್ಮೇಶನ ಅಂಕಿತವಿದೆ. ಕುರ್ತಕೋಟಿ ಮಲಪ್ರಭೆಯಾಚೆ, ಗದಗ ಸೀಮೆಯ ಊರು. ಪತ್ರಿಕೆ ಹಳ್ಳಿಗೆ ಬರದ ಆ ಕಾಲದಲ್ಲಿ ಮುಧೋಳ ಸೀಮೆಯ ಒಂದು ಊರಿನ ಸುದ್ದಿ ಹೊಳೆ ದಾಟಿ ಹೋಗಿ, ಹಾಡಾಗಿ ಕಟ್ಟಿಕೊಂಡು, ಮತ್ತೆ ಊರೂರು ತಿರುಗಿತು. ಸಂತೆ, ಜಾತ್ರೆ, ಉರುಸುಗಳಲ್ಲಿ ಲಾವಣಿಕಾರನೇ ಸುದ್ದಿಗಾರ. ಅವನ ದಪ್ಪಿನ ಸುತ್ತ ಕೂಡಿದ ಜನಕ್ಕೆ ಸರಕಾರ ಹೇಳಿದ್ದೇನು, ನಿಜವಾಗಿ ಆದದ್ದೇನು ಎಂದು ಎರಡನ್ನೂ ಹೇಳಬಲ್ಲ ಬಾಯಿ ಅದೊಂದೇ ಆಗಿತ್ತು.

ಆ ಹಾಡಿನ ಕಟ್ಟಡವನ್ನು ಗಮನಿಸಬೇಕು. ಮೊದಲು ವಿಲಾಯತಿಯಿಂದ ಬಂದ ಹುಕುಂ. ಆಮೇಲೆ ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರ ಹೆಸರು, ಅವರು ಕೂಡಿ ಮಾಡಿದ ತೀರ್ಮಾನ. ಆಯುಧ ಕೇಳಲು ಬಂದ ಕಾರಕೂನನ ಕಪಾಳಕ್ಕೆ ಬಿದ್ದ ಏಟು. ದಂಡು, ಗುಂಡು, ಸಾವು. ಇಲ್ಲಿಗೆ ಮುಗಿಸಿದ್ದರೆ ಅದು ವೀರರ ಕಥೆಯಾಗುತ್ತಿತ್ತು. ಅಂಥವು ನಮ್ಮಲ್ಲಿ ಬೇಕಾದಷ್ಟಿವೆ. ಈ ಹಾಡು ಅಲ್ಲಿ ನಿಲ್ಲದೆ ಮನೆಗಳ ಒಳಗೆ ಹೋಗುತ್ತದೆ. ದಂಡಿನವರು ಏನೇನು ಒಯ್ದರು ಎಂದು ಒಂದೊಂದಾಗಿ ಹೇಳುತ್ತದೆ. ದನಕರು, ಕೊಡಲಿ, ನೇಗಿಲ ಕಬ್ಬಿಣ, ಹಾಲು ಬೆಣ್ಣೆ, ಅಕ್ಕಿ ಬೆಲ್ಲ, ಜೀರಿಗೆ, ಅರಿಶಿಣ, ಉಣ್ಣುವ ಗಂಗಾಳ, ಕೊರಳಿನ ಮಂಗಳಸೂತ್ರ, ಕೊನೆಗೆ ಬೀಸುಕಲ್ಲು. ಹಿಡಿದೊಯ್ಯಲು ಬಂದದ್ದು ಆಯುಧವನ್ನು. ಹೊತ್ತೊಯ್ದದ್ದು ಅಡುಗೆಮನೆಯನ್ನು. ಕವಿ ಒಂದು ಬೈಗುಳವನ್ನೂ ಆಡದೆ, ಬರೀ ಸಾಮಾನಿನ ಪಟ್ಟಿ ಕೊಟ್ಟು, ಆ ಕಾಯಿದೆಯ ನಿಜವಾದ ಅರ್ಥವೇನೆಂದು ತೋರಿಸಿಬಿಟ್ಟ.

ಈ ಪಟ್ಟಿಯೇ ಹಾಡಿನ ರಾಜಕೀಯ. ದಂಗೆಯನ್ನು ಹತ್ತಿಕ್ಕಿದೆವು ಎಂದು ಬರೆಯುವ ಸರಕಾರಕ್ಕೆ ಜೀರಿಗೆ ಲೆಕ್ಕಕ್ಕೆ ಬರುವುದಿಲ್ಲ. ಗೆದ್ದವನ ವರದಿಯಲ್ಲಿ ಸತ್ತವನಿಗೊಂದು ಅಂಕಿ ಸಿಗುತ್ತದೆ. ಉಳಿದ ಹೆಂಗಸು ನಾಳೆ ಯಾವ ಕಲ್ಲಿನಲ್ಲಿ ಜೋಳ ಬೀಸಬೇಕು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಲಾವಣಿ ಆ ಜಾಗವನ್ನು ಮಾಡಿಕೊಟ್ಟಿತು. ಕೇಳಿದವರಲ್ಲಿ ಬೇಡರಲ್ಲದವರೂ ಇದ್ದರು, ಕತ್ತಿ ಹಿಡಿಯದವರೂ ಇದ್ದರು. ಆದರೆ ಬೀಸುಕಲ್ಲು ಇಲ್ಲದ ಮನೆ ಯಾವುದಿತ್ತು? ಒಂದು ಕುಲದ ಸೋಲು ಎಲ್ಲರ ಮನೆಯ ಸಂಕಟವಾಗಿ ಮುಟ್ಟಿದ್ದು ಆ ಒಂದು ಹೆಸರಿನಿಂದ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಈ ಹಾಡು ಬಂಡಾಯವನ್ನು ಮುಂದುವರಿಸಿ ಎನ್ನುವುದಿಲ್ಲ, ಊರು ಬೂದಿಯಾಯಿತು ಎಂದು ಮುಗಿಯುತ್ತದೆ. ಹಾಗಿದ್ದರೆ ಇದು ಕೇಳಿದವರನ್ನು ಕುಗ್ಗಿಸಲಿಲ್ಲವೇ? ಎದುರು ನಿಂತರೆ ಹೀಗಾಗುತ್ತದೆ ಎಂಬ ಸರಕಾರದ ಮಾತನ್ನೇ ಇದೂ ಸಾರಿದಂತಾಗಲಿಲ್ಲವೇ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಬಾರದು. ಹೆದರಿಕೆ ಆ ಕಾಲದ ಸತ್ಯವಾಗಿತ್ತು. ಲಾವಣಿಕಾರನೂ ಅದೇ ಸರಕಾರದ ಕೆಳಗೆ ಬದುಕುತ್ತಿದ್ದ. ಆದರೆ ಗಲ್ಲಿಗೇರಿಸಿದ್ದು ನ್ಯಾಯ ಎಂದು ಜನ ಒಪ್ಪಬೇಕು ಎಂಬುದು ಸರಕಾರಕ್ಕೆ ಬೇಕಾಗಿದ್ದ ಮಾತು. ಮಂಗಳಸೂತ್ರ ಒಯ್ದದ್ದನ್ನು ಹಾಡಿದ ಮೇಲೆ ಅದನ್ನು ನ್ಯಾಯ ಎಂದು ಯಾರೂ ಒಪ್ಪಲಾರರು. ಸೋಲನ್ನು ಒಪ್ಪಿಕೊಂಡೂ ನ್ಯಾಯವನ್ನು ಬಿಟ್ಟುಕೊಡದೆ ಇರುವುದು ಸಣ್ಣ ಧೈರ್ಯವಲ್ಲ.

ಹಾಡು ಕಾಗದಕ್ಕೆ ಬಂದ ಬಗೆಯೂ ಯೋಚನೆಗೆ ಹಚ್ಚುವಂಥದ್ದು. ಜಾನ್ ಫೇತ್‌ಫುಲ್ ಫ್ಲೀಟ್ ಮುಂಬಯಿ ಪ್ರಾಂತದ ಬ್ರಿಟಿಷ್ ಅಧಿಕಾರಿ. ನಮ್ಮ ಶಾಸನಗಳನ್ನು ಓದಿ ಚಾಲುಕ್ಯ, ರಾಷ್ಟ್ರಕೂಟರ ಇತಿಹಾಸಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬ. ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ 1885ರಿಂದ ಅವನು ಕೆಲವು ಕನ್ನಡ ಲಾವಣಿಗಳನ್ನು ಅಚ್ಚು ಹಾಕಿಸಿದ. ಸಂಗೊಳ್ಳಿ ರಾಯಣ್ಣನ ದಂಗೆ, ಹಲಗಲಿಯ ಬೇಡರು, ಹೊಸದಾಗಿ ಹೇರಿದ ಆದಾಯ ತೆರಿಗೆ ಇವೆಲ್ಲ ಅವುಗಳ ವಸ್ತು. ತೆರಿಗೆಯ ಮೇಲೂ ಲಾವಣಿ ಕಟ್ಟಿದ ಜನ ನಮ್ಮವರು ಎಂಬುದನ್ನು ಮರೆಯಬಾರದು. 1860ರಲ್ಲಿ ಈ ದೇಶಕ್ಕೆ ಬಂದ ಆದಾಯ ತೆರಿಗೆ ಕನ್ನಡದ ಹಳ್ಳಿಗಳಲ್ಲಿ ದಪ್ಪಿನ ಮೇಲೆ ಚರ್ಚೆಯಾಗಿತ್ತು. ಮುಂದೆ ಬಿ. ಎಸ್. ಗದ್ದಗಿಮಠರು ಜನಪದ ಗೀತೆಗಳನ್ನು ಕೂಡಿಸಿದಾಗ ಹಲಗಲಿಯ ಲಾವಣಿ ಅವರ ಸಂಗ್ರಹಕ್ಕೂ ಸೇರಿತು. ಅಲ್ಲಿಂದ ಶಾಲೆಯ ಪಠ್ಯಕ್ಕೆ ಬಂತು. ಈ ಕೆಲಸ ಮಾಡಿದವರಿಗೆ ನಾವು ಋಣಿಗಳು. ಕಾಗದಕ್ಕೆ ಇಳಿಯದ ಲಾವಣಿಗಳು ಎಷ್ಟು ಹೋದವೋ, ಅವನ್ನು ಹಾಡುತ್ತಿದ್ದವರ ಜೊತೆಗೇ ಮಣ್ಣಾದವು.

ಆದರೆ ಕಾಗದಕ್ಕೆ ಬರುವಾಗ ಹಾಡಿನ ಅರ್ಧ ಜೀವ ಹೊರಗೇ ಉಳಿಯಿತು. ದಪ್ಪು, ತುಂತುಣಿ, ತಾಳ ಹಿಡಿದು ಮೂರು ನಾಲ್ಕು ಜನ ನಿಂತು ಹಾಡುವ ಕಲೆ ಇದು. ಮುಂದಿನವನು ಕಥೆ ಎತ್ತುತ್ತಾನೆ, ಹಿಮ್ಮೇಳದವರು ಅದನ್ನು ಹಿಡಿದು ಮರಳಿ ಹೇಳುತ್ತಾರೆ, ನಡುನಡುವೆ ಗೀ ಗೀ ಎಂಬ ದನಿ ಏರುತ್ತದೆ. ಒಬ್ಬನು ಹೇಳಿದ ದೂರಿಗೆ ನಾಲ್ವರು ಸಾಕ್ಷಿ ನಿಂತಂತೆ ಅದು ಕೇಳುತ್ತದೆ. ನಮ್ಮ ಸೀಮೆಯ ಹರದೇಶಿ-ನಾಗೇಶಿ ಮೇಳಗಳಲ್ಲಿ ಈ ಗುಣ ಇನ್ನೂ ಹರಿತವಾಗಿದೆ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ, ಶಿವನೋ ಶಕ್ತಿಯೋ ಎಂದು ಎರಡು ಮೇಳಗಳು ಬೆಳಗಾಗುವ ತನಕ ಸವಾಲು ಹಾಕುತ್ತವೆ, ಜವಾಬು ಕೊಡುತ್ತವೆ. ನಾಗೇಶಿಯ ಹೆಣ್ಣುಮಗಳು ಸಾವಿರ ಜನರ ಮುಂದೆ ನಿಂತು ಗಂಡಸಿನ ದೊಡ್ಡಸ್ತಿಕೆಯನ್ನು ಪ್ರಶ್ನಿಸಬಹುದು, ಎದುರಿನವರು ಉತ್ತರ ಕೊಡಲೇಬೇಕು. ಮಾತಿಗೆ ಎದುರುಮಾತು ಇರಲೇಬೇಕು ಎಂಬ ಈ ಏರ್ಪಾಡು, ಹಾಡಿನ ವಸ್ತುವಿಗಿಂತ ದೊಡ್ಡ ರಾಜಕೀಯ ಪಾಠ.

ತರಗತಿಯಲ್ಲಿ ಉಳಿಯುವುದು ಪದ್ಯದ ಸಾಲು, ಕಠಿಣ ಶಬ್ದಗಳ ಅರ್ಥ, ನಾಲ್ಕು ಅಂಕದ ಪ್ರಶ್ನೆ. ದಪ್ಪಿಲ್ಲ, ಹಿಮ್ಮೇಳವಿಲ್ಲ, ಸವಾಲಿಲ್ಲ. ಬೇಡರು ಬ್ರಿಟಿಷರ ವಿರುದ್ಧ ಹೋರಾಡಿದರು ಎಂದು ಬರೆದರೆ ಅಂಕ ಸಿಗುತ್ತದೆ. ಬ್ರಿಟಿಷರು ಹೋದರು, ಆ ಲೆಕ್ಕ ಮುಗಿಯಿತು ಎಂಬಂತೆ ಪಾಠವೂ ಮುಗಿಯುತ್ತದೆ. ಊರಿನ ಮೇಲೆ ಅಧಿಕಾರ ಏನನ್ನೋ ಹೇರಿದಾಗ ಊರಿನವರು ಅದರ ನಷ್ಟವನ್ನು ಹೇಗೆ ಎಣಿಸಿ ಹೇಳಬೇಕು ಎಂಬ ಕೌಶಲ ಆ ಹಾಡಿನಲ್ಲಿದೆ. ಅದನ್ನು ಯಾರೂ ಕಲಿಸುವುದಿಲ್ಲ, ಯಾರೂ ಕೇಳುವುದೂ ಇಲ್ಲ.

ಹಾಡಿನ ರಾಜಕೀಯ ಅದರ ಕಟ್ಟಡದಲ್ಲೇ ಇರುತ್ತದೆ ಎಂಬ ಈ ಮಾತು ನಮ್ಮ ಜನಪದಕ್ಕೆ ಮಾತ್ರ ಸಲ್ಲುವಂಥದ್ದಲ್ಲ. ಇಂಗ್ಲೆಂಡಿನ ಲೀಡ್ಸ್ ಉಣ್ಣೆಯ ಗಿರಣಿಗಳಿಂದ ಬೆಳೆದ ಪಟ್ಟಣ. ಮಗ್ಗದ ಸದ್ದಿನಲ್ಲೇ ಹಗಲು ರಾತ್ರಿ ಕಳೆಯುವ ರಬಕವಿ-ಬನಹಟ್ಟಿಯವರಿಗೆ ಆ ಊರಿನ ಬೆಳವಣಿಗೆಯೂ ಇಳಿತವೂ ಬೇಗ ಅರ್ಥವಾದಾವು. 1970ರ ದಶಕದ ಕೊನೆಯಲ್ಲಿ ಅಲ್ಲಿ ಕಾರಖಾನೆಗಳು ಮುಚ್ಚುತ್ತಿದ್ದವು, ನಿರುದ್ಯೋಗ ಏರುತ್ತಿತ್ತು, ವಲಸೆ ಬಂದವರ ಮೇಲೆ ದ್ವೇಷ ಕಾರುವ ಗುಂಪುಗಳು ಬೀದಿಗಿಳಿದಿದ್ದವು. ಪಂಕ್ ಎಂಬ ಸಂಗೀತ ಆ ಸಿಟ್ಟನ್ನು ಕಿರುಚಿ ಹೇಳಿತು. ಅದರ ಬೆನ್ನಿಗೆ ಬಂದ, ಪೋಸ್ಟ್-ಪಂಕ್ ಎಂದು ಕರೆಸಿಕೊಂಡ ತಂಡಗಳು, ಕಿರುಚಿದ್ದು ಸಾಕು, ಈಗ ಬಿಡಿಸಿ ನೋಡೋಣ ಎಂದವು. ಅವುಗಳಲ್ಲಿ ಗ್ಯಾಂಗ್ ಆಫ್ ಫೋರ್ ಮುಖ್ಯವಾದದ್ದು. ಜಾನ್ ಕಿಂಗ್, ಆ್ಯಂಡಿ ಗಿಲ್, ಡೇವ್ ಆ್ಯಲೆನ್, ಹ್ಯೂಗೊ ಬರ್ನಮ್ ಎಂಬ ನಾಲ್ವರ ಈ ತಂಡ 1979ರಲ್ಲಿ ‘ಎಂಟರ್‌ಟೈನ್‌ಮೆಂಟ್!’ ಎಂಬ ಆಲ್ಬಂ ತಂದಿತು.

ಅದರ ಹೊದಿಕೆಯ ಮೇಲೇ ವಾದ ಶುರುವಾಗುತ್ತದೆ. ಅಮೆರಿಕದ ಮೂಲನಿವಾಸಿಯೊಬ್ಬ ಮತ್ತು ಬಿಳಿಯ ಕೌಬಾಯ್ ಕೈ ಕುಲುಕುವ ಚಿತ್ರ ಮೂರು ಸಲ ಬರುತ್ತದೆ. ಇವನು ನನ್ನ ಗೆಳೆಯ ಎಂದು ಮೂಲನಿವಾಸಿ ನಂಬಿ ನಗುತ್ತಾನೆ, ನಂಬಿದನಲ್ಲ ಎಂದು ಕೌಬಾಯ್ ನಗುತ್ತಾನೆ, ಇನ್ನು ದೋಚುವುದು ಸುಲಭ ಎಂಬ ಅರ್ಥದ ಮಾತು ಚಿತ್ರದ ಸುತ್ತ ಇದೆ. ಹಾಡುಗಳ ಒಳಗೆ ಘೋಷಣೆಗಳಿಲ್ಲ. ಪ್ರೀತಿ, ರಜೆ, ಮನೆಯ ಸಾಮಾನು, ರಾತ್ರಿಯೂಟದ ಹೊತ್ತಿಗೆ ಟಿವಿಯಲ್ಲಿ ಬರುವ ಯುದ್ಧದ ಸುದ್ದಿ ಇವೇ ಅವುಗಳ ವಸ್ತು. ನಮ್ಮದು ಎಂದುಕೊಂಡ ಸಂತೋಷಗಳಿಗೆ ಯಾರು ಬೆಲೆ ಕಟ್ಟಿದರು, ಆ ಬೆಲೆಯನ್ನು ಯಾರು ತೆತ್ತರು ಎಂದು ಅವು ಕೇಳುತ್ತವೆ. ‘ಈಥರ್’ ಎಂಬ ಹಾಡಿನಲ್ಲಿ ಒಂದು ದನಿ ಮನೆಯ ನೆಮ್ಮದಿಯ ಬಗ್ಗೆ ಹಾಡುತ್ತಿರುವಾಗ, ಇನ್ನೊಂದು ದನಿ ಉತ್ತರ ಐರ್ಲೆಂಡಿನ ಲಾಂಗ್ ಕೆಶ್ ಸೆರೆಮನೆಯ ಹಿಂಸೆಯನ್ನು ನಡುವೆ ತಂದು ಹಾಕುತ್ತದೆ. ‘ಆಂಥ್ರಾಕ್ಸ್’ ಹಾಡಿನಲ್ಲಿ ಒಬ್ಬ ಪ್ರೀತಿಯ ಬಗ್ಗೆ ಹಾಡುತ್ತಾನೆ, ಅದೇ ಹೊತ್ತಿಗೆ ಇನ್ನೊಬ್ಬ, ಎಲ್ಲರೂ ಪ್ರೇಮಗೀತೆಗಳನ್ನೇ ಏಕೆ ಬರೆಯುತ್ತಾರೆ ಎಂದು ಮಾತಿನಲ್ಲಿ ಚರ್ಚಿಸುತ್ತಾನೆ. ಕೇಳುಗ ಎರಡು ದನಿಗಳ ನಡುವೆ ಸಿಕ್ಕಿಬೀಳುತ್ತಾನೆ. ಸುಮ್ಮನೆ ತಲೆದೂಗಿ ಎದ್ದುಹೋಗಲು ಆ ಹಾಡು ಬಿಡುವುದಿಲ್ಲ. ಗಿಲ್‌ನ ಗಿಟಾರು ತುಂಬಿ ಹರಿಯುವುದಿಲ್ಲ, ಕಡಿದು ಕಡಿದು ನಿಲ್ಲುತ್ತದೆ, ನಡುವೆ ಬಿಟ್ಟ ಖಾಲಿ ಜಾಗದಲ್ಲಿ ಮಾತು ಕೇಳುತ್ತದೆ. ಯಾರೊಬ್ಬರೂ ಮೆರೆಯದೆ, ನಾಲ್ಕು ದನಿಗಳು ಸರಿಸಮನಾಗಿ ನಿಂತ ಆ ಸಂಗೀತದ ಏರ್ಪಾಡಿನಲ್ಲೇ ಅದರ ರಾಜಕೀಯವಿತ್ತು.

ಆ ವರ್ಷವೇ ಬಿಬಿಸಿಯ ಜನಪ್ರಿಯ ಕಾರ್ಯಕ್ರಮ ‘ಟಾಪ್ ಆಫ್ ದ ಪಾಪ್ಸ್’ ಅವರನ್ನು ಕರೆಯಿತು. ಹಾಡಿನ ಒಂದು ಶಬ್ದವನ್ನು ತೆಗೆದು ತಾನು ಹೇಳಿದ ಶಬ್ದ ಹಾಕಿ ಹಾಡಬೇಕು ಎಂದು ಬಿಬಿಸಿ ಪಟ್ಟು ಹಿಡಿಯಿತು. ತಂಡ ಒಪ್ಪದೆ ಹೊರನಡೆಯಿತು. ದೇಶದ ಬಹಳಷ್ಟು ಹರೆಯದವರು ನೋಡುತ್ತಿದ್ದ ವೇದಿಕೆ ಅದು. ಅದನ್ನು ಬಿಟ್ಟುಕೊಟ್ಟದ್ದರಿಂದ ಅವರಿಗೆ ದೊಡ್ಡ ನಷ್ಟವೇ ಆಯಿತು. ಆದರೆ ಮಾತನ್ನು ಬದಲಿಸಿ ಪಡೆಯುವ ವೇದಿಕೆಯಲ್ಲಿ ಅವರು ಹೇಳಬೇಕೆಂದದ್ದಕ್ಕೆ ಜಾಗ ಇರುತ್ತಿರಲಿಲ್ಲ.

ಆ ಆಲ್ಬಂನ ಪ್ರಭಾವ ಎರಡು ದಾರಿಯಲ್ಲಿ ಹರಿಯಿತು. ಒಂದು, ದನಿಯ ದಾರಿ. ಅಮೆರಿಕದ ರೆಡ್ ಹಾಟ್ ಚಿಲಿ ಪೆಪರ್ಸ್ ತಂಡದ 1984ರ ಮೊದಲ ಆಲ್ಬಂ ಅನ್ನು ನಿರ್ಮಿಸಿದವನು ಆ್ಯಂಡಿ ಗಿಲ್. 2000ದ ಈಚೆಗೆ ಫ್ರಾನ್ಜ್ ಫರ್ಡಿನಾಂಡ್, ಬ್ಲಾಕ್ ಪಾರ್ಟಿಯಂಥ ತಂಡಗಳಲ್ಲಿ ಅದೇ ಕಡಿದು ನಿಲ್ಲುವ ಗಿಟಾರು, ಅದೇ ಕುಣಿಸುವ ಲಯ ಮತ್ತೆ ಕೇಳಿಸಿತು. ಮುಂದೆ ‘ಎಂಟರ್‌ಟೈನ್‌ಮೆಂಟ್!’ ಆಲ್ಬಂನ ಒಂದು ಹಾಡು ಮೈಕ್ರೋಸಾಫ್ಟ್‌ನ ಆಟದ ಉಪಕರಣದ ಜಾಹೀರಾತಿಗೂ ಬಂತು. ಬಿಡುವಿನ ಹೊತ್ತೂ ಸರಕಾಗುತ್ತಿದೆ ಎಂದು ಎಚ್ಚರಿಸಿದ ಹಾಡು ಬಿಡುವಿನ ಹೊತ್ತಿನ ಸರಕನ್ನೇ ಮಾರಲು ನಿಂತಿತು. ಇನ್ನೊಂದು, ನಡತೆಯ ದಾರಿ. ವಾಷಿಂಗ್ಟನ್ನಿನ ಫುಗಾಜಿ ತಂಡ ಈ ಸಂಗೀತದ ಕಟ್ಟಡದ ಜೊತೆಗೆ ಅದರ ಪ್ರಶ್ನೆಯನ್ನೂ ತೆಗೆದುಕೊಂಡಿತು. ದೊಡ್ಡ ಕಂಪನಿಗಳನ್ನು ಸೇರದೆ ತಮ್ಮದೇ ಧ್ವನಿಮುದ್ರಣ ಸಂಸ್ಥೆಯಿಂದ ಆಲ್ಬಂ ತಂದರು, ಕಾರ್ಯಕ್ರಮದ ಟಿಕೀಟನ್ನು ಐದು ಡಾಲರಿನ ಆಸುಪಾಸಿನಲ್ಲೇ ಹಿಡಿದಿಟ್ಟರು. ಬೆಲೆಯನ್ನು ಪ್ರಶ್ನಿಸಿದ ಹಾಡಿನ ವಾರಸುದಾರರು ತಮ್ಮ ಟಿಕೀಟಿನ ಬೆಲೆಯಿಂದಲೇ ಉತ್ತರ ಕೊಟ್ಟರು.

ಈ ಎರಡು ದಾರಿಗಳನ್ನು ನಮ್ಮ ಲಾವಣಿ, ಗೀಗೀ ಪದಗಳ ಚರಿತ್ರೆಯಲ್ಲೂ ಕಾಣುತ್ತೇವೆ. ನಡತೆಯ ದಾರಿಯಲ್ಲಿ ಬಂದವರಲ್ಲಿ ಹುಲಕುಂದದ ಭೀಮಕವಿ ದೊಡ್ಡವರು. ಸ್ವಾತಂತ್ರ್ಯದ ಚಳವಳಿಯನ್ನು ಅವರು ಗೀಗೀ ಪದಗಳಲ್ಲಿ ಹಳ್ಳಿಗೆ ಒಯ್ದರು. ನಾಡಿನ ತೆಂಕಣ ಭಾಗದಲ್ಲಿ 1975ರಲ್ಲಿ ಬಂದ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬೇರೆ ನುಡಿಗಟ್ಟಿನ ಕವಿತೆ. ಅದರಲ್ಲೂ ಲೆಕ್ಕ ಇಡುವ ಗುಣವಿದೆ: ಯಾರ ಬೆವರಿನಿಂದ ಯಾರ ಮನೆ ಎದ್ದಿತು ಎಂದು ಅದು ಕೇಳುತ್ತದೆ. ದಲಿತ ಚಳವಳಿಯ ಸಭೆಗಳಲ್ಲಿ ತಮಟೆಯ ಜೊತೆ ಆ ಕವಿತೆಗಳು ಹಾಡಾದವು, ಓದು ಬಾರದವರ ಬಾಯಿಗೂ ಬಂದವು. 1980ರ ಜುಲೈಯಲ್ಲಿ ನರಗುಂದ, ನವಲಗುಂದಗಳಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ನೀರು ಬಾರದ ಹೊಲಕ್ಕೂ ಹೇರಿದ ಕರದ ವಿರುದ್ಧ ಎದ್ದಾಗ, ಮುಂದೆ ಅದೇ ರೈತ ಚಳವಳಿ ರಾಜ್ಯದ ತುಂಬ ಹಬ್ಬಿದಾಗ, ಹಸಿರು ಟವೆಲಿನ ಸಭೆಗಳಲ್ಲಿ ಭಾಷಣದಷ್ಟೇ ಹೊತ್ತು ಹಾಡೂ ಇರುತ್ತಿತ್ತು.

ದನಿಯ ದಾರಿಯೂ ನಮ್ಮಲ್ಲಿದೆ. ಸ್ವಾತಂತ್ರ್ಯ ಬಂದ ಮೇಲೆ ಸರಕಾರಗಳು ಗೀಗೀ ಮೇಳಗಳನ್ನು ಕುಟುಂಬ ಯೋಜನೆ, ಸಾಕ್ಷರತೆ, ಶೌಚಾಲಯದ ಪ್ರಚಾರಕ್ಕೆ ಕರೆದವು. ಕಲಾವಿದರಿಗೆ ನಾಲ್ಕು ಕಾಸು ಸಿಕ್ಕಿತು. ಆ ವಿಷಯಗಳೂ ಕೆಟ್ಟವಲ್ಲ. ಆದರೆ ಸರಕಾರ ಬರೆದುಕೊಟ್ಟದ್ದನ್ನು ಹಾಡುವ ಮೇಳಕ್ಕೆ ಸರಕಾರವನ್ನು ಕೇಳುವ ಸವಾಲು ಉಳಿಯುವುದಿಲ್ಲ. ಚುನಾವಣೆ ಬಂದರೆ ಅದೇ ದಾಟಿಯಲ್ಲಿ ಅಭ್ಯರ್ಥಿಗಳ ಹೊಗಳಿಕೆ ಊರೂರು ತಿರುಗುತ್ತದೆ. ಗೀ ಗೀ ಎಂಬ ದನಿ ಉಳಿಯಿತು, ಸಾಕ್ಷಿ ನಿಲ್ಲುವ ಹಿಮ್ಮೇಳ ಹೋಯಿತು.

ಈಗ ನಮ್ಮ ನಾಲ್ಕು ತಾಲೂಕಿನ ಮಾತಿಗೆ ಬರೋಣ. ಕಬ್ಬು ಕಡಿಯುವ ಹಂಗಾಮು ಶುರುವಾದರೆ ಜಮಖಂಡಿ-ಮುಧೋಳದ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳ ಸಾಲು. ಎರಡು ಟ್ರೇಲರ್ ಕಬ್ಬು ಹೇರಿಕೊಂಡ ಟ್ರ್ಯಾಕ್ಟರಿನ ಮೇಲೆ ಆಳೆತ್ತರದ ಸ್ಪೀಕರು, ಅದರಲ್ಲಿ ಜನಪದ ಎಂಬ ಹೆಸರಿನ ಹೊಸ ಹಾಡು. ಈ ಹಾಡುಗಳನ್ನು ಕೀಳಾಗಿ ನೋಡುವವರಿದ್ದಾರೆ. ನಾನು ಅವರ ಪೈಕಿ ಅಲ್ಲ. ನಮ್ಮ ಸೀಮೆಯ ಹುಡುಗರು ನಮ್ಮ ಮಾತಿನಲ್ಲೇ, ಬೆಂಗಳೂರಿನ ಅಪ್ಪಣೆ ಕೇಳದೆ, ಹಳ್ಳಿಯ ಸಣ್ಣ ಸ್ಟುಡಿಯೋಗಳಲ್ಲಿ ಹಾಡು ಕಟ್ಟಿ ನಾಡಿನ ತುಂಬ ಕೇಳಿಸುತ್ತಿದ್ದಾರೆ. ಲಾವಣಿಕಾರ ಸಂತೆಯಲ್ಲಿ ಗಳಿಸುತ್ತಿದ್ದ ಕಿವಿಗಳಿಗಿಂತ ನೂರು ಪಟ್ಟು ಕಿವಿಗಳು ಇವರಿಗೆ ಸಿಕ್ಕಿವೆ. ಅವುಗಳಲ್ಲಿ ಹೆಚ್ಚಿನವು ಕೈಕೊಟ್ಟ ಹುಡುಗಿಯ ಹಾಡು, ಗೆಳೆತನದ ಹಾಡು, ಟ್ರ್ಯಾಕ್ಟರು ಓಡಿಸುವ ಗತ್ತಿನ ಹಾಡು. ಹರೆಯಕ್ಕೆ ಅವು ಬೇಕು. ಆದರೆ ಆ ಟ್ರೇಲರಿನಲ್ಲಿರುವ ಕಬ್ಬಿನ ಲೆಕ್ಕ ಆ ಹಾಡುಗಳಲ್ಲಿ ಏಕಿಲ್ಲ?

2025ರ ನವೆಂಬರಿನಲ್ಲಿ ಟನ್ ಕಬ್ಬಿಗೆ 3,500 ರೂಪಾಯಿ ಬೇಕೆಂದು ಗುರ್ಲಾಪುರ ಕ್ರಾಸಿನಲ್ಲಿ ರೈತರು ದಿನಗಟ್ಟಲೆ ರಸ್ತೆಯಲ್ಲಿ ಕೂತರು. ಮುಧೋಳದಲ್ಲೂ ಹೋರಾಟ ಕಾವೇರಿತು. ಪತ್ರಿಕೆಗಳಲ್ಲಿ ಅಂಕಿಗಳು ಬಂದವು. ಆ ಅಂಕಿಯ ಹಿಂದೆ ಏನಿದೆ ಎಂದು ಹಲಗಲಿಯ ಕವಿಯಂತೆ ಒಂದೊಂದಾಗಿ ಹೇಳಬಹುದಿತ್ತು. ನಾಟಿಯ ಬೀಜದ ಕಬ್ಬು, ಗೊಬ್ಬರದ ಚೀಲ, ರಾತ್ರಿ ಕರೆಂಟು ಬಂದಾಗ ನೀರು ಬಿಡಲು ಎದ್ದುಹೋದವನ ನಿದ್ದೆ, ಕಡಿಯುವ ಗ್ಯಾಂಗಿಗೆ ಕೊಟ್ಟ ಮುಂಗಡ, ಕಾರಖಾನೆಯ ಗೇಟಿನಲ್ಲಿ ಒಣಗಿ ತೂಕ ಕಳೆದುಕೊಂಡ ಕಬ್ಬು, ಬಾರದ ಬಿಲ್ಲು, ಅದನ್ನು ನಂಬಿ ನಿಂತ ಮಗಳ ಲಗ್ನ. ಕಡಿಯಲು ದೂರದ ಊರುಗಳಿಂದ ಬಂದು ಗದ್ದೆಯ ಬದಿಯ ಗುಡಿಸಲಿನಲ್ಲಿ ಇರುವ ಗಂಡ-ಹೆಂಡಿರ ಲೆಕ್ಕ ಬೇರೆಯೇ ಇದೆ. ರೈತನ ಹಾಡು ಪ್ರಾಮಾಣಿಕವಾದರೆ ಅದರಲ್ಲಿ ಅವರೂ ಬರಬೇಕು. ಎರಡು ದನಿಗಳ ಹಾಡು ನಮ್ಮ ಹರದೇಶಿ-ನಾಗೇಶಿಗೆ ಹೊಸದೇನಲ್ಲ. ಒಂದು ಮೇಳ ಬೆಳೆದವನ ಕಡೆಯಿಂದ ಎತ್ತಲಿ, ಇನ್ನೊಂದು ಮೇಳ ಕಡಿದವಳ ಕಡೆಯಿಂದ ಜವಾಬು ಕೊಡಲಿ.

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಪಾವರ್‌ಲೂಮಿನ ಸದ್ದು ಮಗು ತೊಟ್ಟಿಲಲ್ಲಿದ್ದಾಗಿನಿಂದ ಕೇಳುವ ಸದ್ದು. ನೂಲಿನ ದರ ಏರಿದಾಗ, ಸೀರೆಗೆ ಗಿರಾಕಿ ಇಲ್ಲದಾಗ, ಮಗ್ಗ ನಿಂತಾಗ ಆ ಓಣಿಯಲ್ಲಿ ಬೀಳುವ ಮೌನಕ್ಕೆ ಹಾಡಿಲ್ಲ. ನೇಯ್ದವರ ಮಜೂರಿ ಎಷ್ಟು, ಅದೇ ಸೀರೆ ದೂರದ ಅಂಗಡಿಯಲ್ಲಿ ಮಾರುವ ಬೆಲೆ ಎಷ್ಟು, ನಡುವಿನದು ಯಾರ ಪಾಲಾಯಿತು ಎಂದು ಕೇಳುವ ಲಾವಣಿ ಇನ್ನೂ ಕಟ್ಟಬೇಕಾಗಿದೆ. ಬೀಳಗಿಯಲ್ಲಿ ಕೃಷ್ಣೆಯ ಹಿನ್ನೀರು ಊರುಗಳನ್ನು ನುಂಗಿದೆ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ದಶಕಗಳಿಂದ ನಡೆದಿದೆ. ದಶಮಾಂಶದ ಆಚೆ ಮೂರು ಅಂಕಿಯ ತನಕ ನೀರಿನ ಎತ್ತರ ಗೊತ್ತಿದೆ. ಆ ನೀರಿನ ಕೆಳಗೆ ಹೋದ ಮತ್ತು ಹೋಗಲಿರುವ ಎರಿಭೂಮಿಯ ಹೆಸರು, ಸೇದುವ ಬಾವಿಯ ಹೆಸರು, ಹನುಮಪ್ಪನ ಗುಡಿಯ ಕಟ್ಟೆ, ಹಿರಿಯರ ಗೋರಿ ಇವನ್ನು ಬರೆದಿಡುವ ದಫ್ತರ ಯಾವ ಕಚೇರಿಯಲ್ಲೂ ಇಲ್ಲ. ಪರಿಹಾರದ ಹಣ ಎಕರೆಗೆ ಬರುತ್ತದೆ. ಊರು ಎಂಬುದು ಎಕರೆಗಳ ಮೊತ್ತವಲ್ಲ ಎಂದು ಹೇಳುವ ಬಾಯಿ ಹಾಡಿಗಿದೆ.

ಹಾಡಿನಿಂದ ಕಬ್ಬಿನ ದರ ಏರೀತೇ, ಮುಳುಗುವ ಊರು ಉಳಿದೀತೇ ಎಂದು ಕೇಳುವವರಿಗೆ ಸುಳ್ಳು ಭರವಸೆ ಕೊಡಬಾರದು. ಹಲಗಲಿಯ ಲಾವಣಿ ಒಬ್ಬನನ್ನೂ ಗಲ್ಲಿನಿಂದ ಇಳಿಸಲಿಲ್ಲ. ‘ಎಂಟರ್‌ಟೈನ್‌ಮೆಂಟ್!’ ಲೀಡ್ಸ್‌ನ ಒಂದು ಗಿರಣಿಯನ್ನೂ ಮತ್ತೆ ತೆರೆಸಲಿಲ್ಲ. ಆದರೆ ನಷ್ಟ ಪಟ್ಟವರು ತಮ್ಮ ನಷ್ಟವನ್ನು ತಾವೇ ಹೇಳಲಾರದೆ ಹೋದಾಗ ಬೇರೆ ಯಾರೋ ಅವರ ಪರವಾಗಿ ಹೇಳುತ್ತಾರೆ. ಹೇಳುವಾಗ ತಮಗೆ ಬೇಕಾದದ್ದನ್ನು ಸೇರಿಸುತ್ತಾರೆ, ಬೇಡವಾದದ್ದನ್ನು ಬಿಡುತ್ತಾರೆ. ರೈತನ ಸಂಕಟ ಪಕ್ಷಗಳ ಭಾಷಣದ ಸರಕಾಗುವುದು, ಬೇಡರ ಬಲಿದಾನ ಒಂದು ದಿನದ ಮೆರವಣಿಗೆಯ ಫ್ಲೆಕ್ಸ್ ಆಗುವುದು ಹೀಗೆಯೇ. ತಮ್ಮ ಲೆಕ್ಕವನ್ನು ತಾವೇ ಇಟ್ಟ ಜನರಿಗೆ ಮೋಸ ಮಾಡುವುದು ಕಷ್ಟ.

ಆದ್ದರಿಂದ ಮಾಡಬೇಕಾದ ಕೆಲಸ ಸ್ಪಷ್ಟವಿದೆ, ದೊಡ್ಡ ಹಣವೂ ಬೇಕಿಲ್ಲ. ನಮ್ಮ ನಾಲ್ಕು ತಾಲೂಕಿನ ಪ್ರೌಢಶಾಲೆಗಳಲ್ಲಿ ಹಲಗಲಿಯ ಪಾಠ ಬರುವ ವಾರ ಒಂದು ಗೀಗೀ ಮೇಳವನ್ನು ಕರೆಸಿ ಮಕ್ಕಳು ಅದನ್ನು ದಪ್ಪಿನ ಮೇಲೆ ಕೇಳುವಂತೆ ಮಾಡಬೇಕು. ಕಲಾವಿದರಿಗೆ ಸರಿಯಾದ ಗೌರವಧನ ಕೊಡಬೇಕು. ಪಾಠದ ಕೊನೆಗೆ ಶಬ್ದಾರ್ಥದ ಪ್ರಶ್ನೆಯ ಜೊತೆಗೆ, ನಿನ್ನ ಊರಿನಲ್ಲಿ ಕಳೆದುಹೋದದ್ದರ ಪಟ್ಟಿಯನ್ನು ಹಾಡಾಗಿ ಕಟ್ಟು ಎಂಬ ಒಂದು ಕೆಲಸ ಕೊಡಬೇಕು. ಬೀಳಗಿಯ ಮಗು ಮುಳುಗಿದ ಊರನ್ನು ಅಜ್ಜಿಯ ಬಾಯಿಂದ ಕೇಳಿ ಬರೆದೀತು, ಬನಹಟ್ಟಿಯ ಮಗು ಮಗ್ಗದ ಮಜೂರಿಯನ್ನು ಬರೆದೀತು. ಜಾತ್ರೆಯ ಸಮಿತಿಗಳು ರಾತ್ರಿಯ ಆರ್ಕೆಸ್ಟ್ರಾ ಇಟ್ಟುಕೊಳ್ಳಲಿ. ಅದರ ಜೊತೆ ಒಂದು ರಾತ್ರಿಯನ್ನು ಸವಾಲ್-ಜವಾಬಿಗೆ ಬಿಡಲಿ, ವಿಷಯ ಈ ವರ್ಷದ್ದಾಗಿರಲಿ. ಸ್ಟುಡಿಯೋಗಳಲ್ಲಿ ಹಾಡು ಕಟ್ಟುವ ನಮ್ಮ ಹುಡುಗರು ಹತ್ತು ಪ್ರೇಮದ ಹಾಡಿಗೆ ಒಂದಾದರೂ ಲೆಕ್ಕದ ಹಾಡು ಮಾಡಲಿ. ಅವರ ಕೈಯಲ್ಲಿ ಕಿವಿಗಳಿವೆ, ದಾಟಿಯಿದೆ, ನಮ್ಮ ಮಾತಿನ ಖಾರವಿದೆ. ಬೇಕಾದದ್ದು ತಮ್ಮ ಊರಿನ ನಷ್ಟವೂ ಹಾಡಿಗೆ ತಕ್ಕ ವಸ್ತು ಎಂಬ ನಂಬಿಕೆ. ಆ ನಂಬಿಕೆ ಕೊಡಲು ಹಲಗಲಿಯ ಒಂದು ಲಾವಣಿ ಸಾಕು. ಆಯುಧ ಕಳೆದುಕೊಂಡ ಜನ ಆಗ ಹಾಡನ್ನು ಬಿಟ್ಟುಕೊಡಲಿಲ್ಲ, ಯಾರೂ ಕೇಳದಿರುವಾಗ ನಾವಾಗಿಯೇ ಅದನ್ನು ಕೈಬಿಡಬಾರದು.